ಗುಲಗಂಜಿ ಸಾಹೇಬರು ನಲ್ಲಿ ಬಿಚ್ಚಿದ್ದು

ಪೇಟೆಯವರು ಅವರನ್ನು ಕರೆಯುತ್ತಿದ್ದದ್ದು ಗುಲಗಂಜಿ ಸಾಹೇಬರು ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ಬಾಗಿಲ ಮೇಲಿನ ಹಲಗೆಯಲ್ಲಿ ಇತ್ತು, ಆದರೆ ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಇನ್‌ಸ್ಪೆಕ್ಟರ್. ತಕ್ಕಡಿ ನೆಟ್ಟಗಿದೆಯೇ, ತೂಕದ ಬಟ್ಟು ಸವೆದಿದೆಯೇ, ಲೀಟರು ಅನ್ನುವುದು ಲೀಟರೇ ಹೌದೇ ಎಂದು ಅಂಗಡಿ ಅಂಗಡಿ ತಿರುಗಿ ನೋಡುವ ಕೆಲಸ. ಗುಲಗಂಜಿಯಷ್ಟು ವ್ಯತ್ಯಾಸ ಕಂಡರೂ ಬಿಡುವ ಆಸಾಮಿಯಲ್ಲ ಎಂದು ಆ ಹೆಸರು ಬಂದಿತ್ತು. ಅದು ತಮ್ಮ ಕಿವಿಗೆ ಬಿದ್ದಾಗ ಅವರು ಬೇಸರಪಟ್ಟುಕೊಂಡಿರಲಿಲ್ಲ. ಒಂದು ಗುಲಗಂಜಿ ಎಷ್ಟು ಮಿಲಿಗ್ರಾಂ ತೂಗುತ್ತದೆ ಎಂದು ಹೇಳಿದ್ದರು.

ಅವರ ಚೀಲದಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು. ಬೆರಳಿನ ಬೆವರೂ ತೂಕಕ್ಕೆ ಸೇರುತ್ತದೆ ಎಂದು ಅವನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬಟ್ಟನ್ನು ತಟ್ಟೆಯ ನಡುವೆ ಇಟ್ಟು ನೋಡುವುದು, ಆಮೇಲೆ ನಾಲ್ಕು ಮೂಲೆಗೂ ಸರಿಸಿ ನೋಡುವುದು. ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ತಪ್ಪಿದ್ದರೆ ತಕ್ಕಡಿಗೆ ಚೀಟಿ ಅಂಟಿಸುವುದು. ಅಲ್ಲಿಗೆ ಅವರ ಕೆಲಸ ಮುಗಿಯಿತು. ತಪ್ಪು ಹುಡುಕುವವನು ರಿಪೇರಿಗೆ ಕೈ ಹಾಕಬಾರದು, ಅದಕ್ಕೆ ಬೇರೆ ಜನ ಇದ್ದಾರೆ ಎನ್ನುವುದು ಇಲಾಖೆಯ ನಿಯಮ. ಮೂವತ್ತೊಂದು ವರ್ಷ ಆ ನಿಯಮ ಪಾಲಿಸಿದ ಮೇಲೆ ಅದು ಮೈಗೂಡಿಬಿಟ್ಟಿತ್ತು. ಮನೆಯಲ್ಲೂ ಅಷ್ಟೇ. ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಹೇಳುತ್ತಿದ್ದರು, ಮುಳ್ಳು ತಿರುಗಿಸುತ್ತಿದ್ದವರು ಹೆಂಡತಿ.

ಹೆಂಡತಿ ಕಣ್ಣಿನ ಕ್ಲಿನಿಕ್ಕಿನಲ್ಲಿ ನರ್ಸು. ದಿನಕ್ಕೆ ನೂರು ಜನರ ಕಣ್ಣಿಗೆ ಹನಿ ಹಾಕುವ ಕೈ. ಮಾತು ಕಡಿಮೆ, ಆಡಿದರೆ ನೇರ.

ಅಡುಗೆಮನೆಯ ನಲ್ಲಿ ಸೋರಲು ಶುರುವಾದದ್ದು ಒಂದು ಬೆಳಿಗ್ಗೆ. ಬಿಸಿ ನೀರು, ತಣ್ಣೀರು ಎರಡಕ್ಕೂ ಒಂದೇ ಹಿಡಿಕೆ ಇರುವಂಥ ನಲ್ಲಿ ಅದು. ಹಿಡಿಕೆಯನ್ನು ಪೂರ್ತಿ ಒತ್ತಿದರೂ ಮೂತಿಯಿಂದ ಟಪ್ ಟಪ್ ನಿಲ್ಲುತ್ತಿರಲಿಲ್ಲ. ಮೊದಲ ವಾರ ಹೆಂಡತಿ ಕೆಳಗೊಂದು ಪಾತ್ರೆ ಇಟ್ಟರು. ಎರಡನೆಯ ವಾರ ರಜೆಯ ಮಧ್ಯಾಹ್ನ ಇವರು ಪಾತ್ರೆ ತೆಗೆದು ಗೀಟು ಹಾಕಿದ ಗಾಜಿನ ಜಾಡಿ ಇಟ್ಟು, ಗಡಿಯಾರ ಹಿಡಿದು, ಒಂದು ಗಂಟೆ ಕೂತರು.

"ಗಂಟೆಗೆ ನಾನೂರ ಐವತ್ತಾರು ಮಿಲಿ. ದಿನಕ್ಕೆ ಹತ್ತಿರ ಹತ್ತಿರ ಹನ್ನೊಂದು ಲೀಟರ್," ಎಂದರು.

"ನಾನೂರ ಐವತ್ತೇಳು ಇರ್ಬೇಕು. ಒಂದು ಹನಿ ನಿಮ್ಮ ಕನ್ನಡಕದ ಮೇಲಿದೆ ನೋಡಿ," ಎಂದರು ಹೆಂಡತಿ. "ಅಳೆದಿದ್ದಾಯ್ತಲ್ಲ, ಇನ್ನು ಯಾರನ್ನ ಕರೀತೀರಿ?"

ಕರೆಯಲು ಯಾರೂ ಉಳಿದಿರಲಿಲ್ಲ. ಆ ಬಡಾವಣೆಯಲ್ಲಿ ಮೂವರು ಪ್ಲಂಬರುಗಳು. ಮೊದಲನೆಯವನ ಬೆನ್ನ ಹಿಂದೆ ನಿಂತು ಇವರು ಪೈಪಿನ ಓರೆಯನ್ನು ಮಟ್ಟಗೋಲಿನಿಂದ ನೋಡಿದ್ದರು. ಎರಡನೆಯವನಿಗೆ ಸಿಮೆಂಟು ಮರಳಿನ ಪ್ರಮಾಣ ಹೇಳಿಕೊಟ್ಟಿದ್ದರು. ಮೂರನೆಯವನು ಹೊರಗಿನವನೇ ಅಲ್ಲ, ಇವರ ಷಡ್ಡಕ, ಹೆಂಡತಿಯ ಸ್ವಂತ ತಂಗಿಯ ಗಂಡ. ಹಿಂದಿನ ವರ್ಷ ಬಚ್ಚಲುಮನೆಯ ಪೈಪು ಕೂಡಿಸಲು ಬಂದವನು ಬಿಳಿ ಟೇಪನ್ನು ಉಲ್ಟಾ ಸುತ್ತುತ್ತಿದ್ದಾನೆ ಎಂದು ಇವರು ಒಂದಲ್ಲ, ಮೂರು ಸಲ ಹೇಳಿದ್ದರು. ಮೂರನೆಯ ಸಲಕ್ಕೆ ಅವನು ಎದ್ದು ನಿಂತು, "ಅಣ್ಣ, ಇಷ್ಟೆಲ್ಲಾ ಗೊತ್ತಿದ್ಮೇಲೆ ನೀವೇ ಮಾಡ್ಕೊಳಿ," ಎಂದು ಕೂಡಿಕೆಯನ್ನಷ್ಟೇ ಬಿಗಿದು ಹೊರಟುಹೋಗಿದ್ದ. ಸಿಟ್ಟಿನಲ್ಲಿ ಸ್ಪ್ಯಾನರು ಮತ್ತು ಸ್ಕ್ರೂ ಬಿಚ್ಚುವ ಅಲೆನ್ ಕೀಗಳ ಗೊಂಚಲನ್ನು ಅಲ್ಲೇ ಮರೆತಿದ್ದ. ಅವನ್ನು ತೆಗೆದುಕೊಂಡು ಹೋಗಲೂ ಬಂದಿರಲಿಲ್ಲ. ಅಕ್ಕತಂಗಿಯರ ನಡುವೆ ಫೋನು ಓಡುತ್ತಿತ್ತು, ಗಂಡಂದಿರ ನಡುವೆ ಇಲ್ಲ.

"ನನ್ನ ತಂಗಿಗೆ ಇನ್ನೊಂದ್ಸಲ ಹೇಳೋಕೆ ನನಗೆ ಮುಖ ಇಲ್ಲ," ಎಂದರು ಹೆಂಡತಿ. "ಅವನ ಸಾಮಾನು ಇದೆ, ನಿಮಗೆ ಎರಡು ಕೈ ಇದೆ. ನೀವೇ ಬಿಚ್ಚಿ."

"ನಾನಾ?"

"ಮತ್ತೆ? ಲೋಕದ ತಪ್ಪೆಲ್ಲಾ ನಿಮ್ಮ ಕಣ್ಣಿಗೆ ಕಾಣುತ್ತೆ. ಇದು ಎಲ್ಲಿ ತಪ್ಪಿದೆ ಅಂತ ನೋಡಿ. ಗುಲಗಂಜಿಗೆ ತನ್ನ ಬೆನ್ನಿನ ಕಪ್ಪು ಕಾಣ್ಸೋದಿಲ್ಲ ಅಂತಾರೆ, ಅಡುಗೆಮನೆ ನಲ್ಲಿ ಕಾಣ್ಸೋದಕ್ಕೇನು?"

ಆ ಹೆಸರು ಮನೆಯೊಳಗೂ ಬಂದಿದೆ ಎಂದು ಅವರಿಗೆ ತಿಳಿದದ್ದು ಆಗಲೇ.

ಮುಂದಿನ ರಜೆಯ ದಿನ ಹೆಂಡತಿ ಕ್ಲಿನಿಕ್ಕಿಗೆ ಹೋದ ಮೇಲೆ ಅವರು ತೋಳು ಮಡಚಿದರು. ನೀರು ನಿಲ್ಲಿಸಬೇಕು ಎನ್ನುವಷ್ಟು ಗೊತ್ತಿತ್ತು. ಸಿಂಕಿನ ಕೆಳಗೆ ತಲೆ ತೂರಿಸಿ ನೋಡಿದರೆ ಗೋಡೆಯಲ್ಲಿ ಎರಡು ಚಿಕ್ಕ ವಾಲ್ವುಗಳು, ಬಿಸಿಗೊಂದು, ತಣ್ಣೀರಿಗೊಂದು. ಬಿಸಿಯದು ತಿರುಗಿತು. ತಣ್ಣೀರಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಹಿಡಿ, ಸುತ್ತ ಬಿಳಿ ಉಪ್ಪು ಕಟ್ಟಿತ್ತು. ಅವರು ಸ್ವಲ್ಪ ಯೋಚಿಸಿ, ಮಹಡಿ ಹತ್ತಿ, ತೊಟ್ಟಿಯ ಪಕ್ಕದ ದೊಡ್ಡ ವಾಲ್ವನ್ನೇ ಮುಚ್ಚಿದರು.

ಕೆಳಗಿಳಿದು ಬರುವಷ್ಟರಲ್ಲಿ ಬಾಗಿಲು ದಬದಬ ಬಡಿಯುತ್ತಿತ್ತು. ಕೆಳಗಿನ ಮನೆಯ ಬಸ್ ಡ್ರೈವರ್. ಸೊಂಟಕ್ಕೆ ಟವೆಲು, ತಲೆಯಿಂದ ಕತ್ತಿನವರೆಗೆ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿತ್ತು.

"ನೀರು ನಿಲ್ಸಿದ್ಯಾರ್ರೀ?"

"ನಾನು. ನಲ್ಲಿ ರಿಪೇರಿ ಇದೆ."

"ಎಷ್ಟೊತ್ತು?"

"ಖಚಿತವಾಗಿ ಹೇಳೋಕಾಗೋದಿಲ್ಲ."

"ಹನ್ನೊಂದಕ್ಕೆ ನನ್ನ ಬಸ್ಸು ಬಿಡ್ಬೇಕು. ಹೀಗೇ ಹೋಗ್ಲಾ? ಎಲ್ಲಿ, ಅದ್ಯಾವ ವಾಲ್ವು ತೋರ್ಸಿ." ಡ್ರೈವರ್ ನೊರೆ ಸುರಿಸುತ್ತಲೇ ಸಿಂಕಿನ ಕೆಳಗೆ ಬಗ್ಗಿದ. ಟವೆಲಿನ ತುದಿಯನ್ನು ಹಿಡಿಗೆ ಸುತ್ತಿ, ಮುಚ್ಚುವ ಕಡೆಗಲ್ಲದೆ ತೆರೆಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದ, ಮತ್ತೆ ಮುಚ್ಚುವ ಕಡೆಗೆ, ಮತ್ತೆ ತೆರೆಯುವ ಕಡೆಗೆ. ಐದಾರು ಸಲ ಹಾಗೆ ಆಡಿಸಿದ ಮೇಲೆ ಕಿರ್ ಎಂದು ಉಪ್ಪು ಉದುರಿ ಹಿಡಿ ತಿರುಗಿತು. "ಹಠ ಹಿಡಿದಿದ್ದನ್ನ ಎದುರೆದುರೇ ದಬ್ಬಬಾರ್ದು ಸಾರ್. ಅದು ಹೋಗೋ ಕಡೆ ಒಂಚೂರು ಬಿಟ್ಟು ಆಮೇಲೆ ಎಳೀಬೇಕು. ಈಗ ಮೇಲಿಂದು ಬಿಡಿ, ಕಣ್ಣು ಉರೀತಿದೆ."

ಅವರು ಓಡುತ್ತಲೇ ಮಹಡಿಗೆ ಹೋಗಿ ವಾಲ್ವು ಬಿಟ್ಟರು. ಓಡಿ ಎಷ್ಟು ವರ್ಷವಾಗಿತ್ತೋ.

ಅಲ್ಲಿಂದ ಮುಂದಿನದು ಸಲೀಸಾಗಿ ಆಯಿತು. ಒಳಗೆ ಉಳಿದ ನೀರು ಹೋಗಲಿ ಎಂದು ಹಿಡಿಕೆ ಎತ್ತಿದರು. ಏನಾದರೂ ಕೈಜಾರಿ ಒಳಗೆ ಬಿದ್ದೀತೆಂದು ಸಿಂಕಿನ ತೂತಿಗೆ ಬಟ್ಟೆ ತುರುಕಿದರು. ಹಿಡಿಕೆಯ ಮೇಲಿನ ಕೆಂಪು ನೀಲಿ ಬೊಟ್ಟನ್ನು ಉಗುರಿನಿಂದ ಮೀಟಿದರೆ ಕೆಳಗೊಂದು ಕುಳಿ, ಕುಳಿಯಲ್ಲೊಂದು ಪುಟ್ಟ ಸ್ಕ್ರೂ. ಷಡ್ಡಕನ ಗೊಂಚಲಿನ ಮೂರನೆಯ ಕೀ ಅದಕ್ಕೆ ಸರಿಹೋಯಿತು. ಹಿಡಿಕೆ ಕೈಗೆ ಬಂತು. ಅದರಡಿಯ ಗುಮ್ಮಟದಂಥ ಮುಚ್ಚಳ ಕೈಯಲ್ಲೇ ತಿರುಗಿತು. ಅದರಡಿ ಒಂದು ಹಿತ್ತಾಳೆಯ ಅಗಲ ನಟ್ಟು, ಅದಕ್ಕೆ ಸ್ಪ್ಯಾನರು ಬೇಕಾಯಿತು. ಬಲಗೈಗೆ ಶಕ್ತಿ ಸಾಲದೆ ಎರಡೂ ಕೈ ಹಾಕಿದಾಗ ನಟ್ಟು ಸಡಿಲವಾಯಿತು. ಕೊನೆಗೆ ಅವರ ಅಂಗೈಯಲ್ಲಿ ಕೂತದ್ದು ಔಷಧಿಯ ಬಾಟಲಿಯ ಮುಚ್ಚಳದಷ್ಟು ದಪ್ಪದ ಪ್ಲಾಸ್ಟಿಕ್ಕಿನ ಕಾರ್ಟ್ರಿಜ್. ಹಿಡಿಕೆ ಎತ್ತಿ ಇಳಿಸಿದಾಗ ನೀರು ಬಿಡುವುದೂ ತಡೆಯುವುದೂ ಇದೇ. ಅದನ್ನು ಸಿಂಕಿನ ಕಟ್ಟೆಯ ಮೇಲಿಟ್ಟು, ಕೈ ತೊಳೆಯಲು ಹೋಗಿ, ನೀರಿಲ್ಲವೆಂದು ನೆನಪಾಗಿ, ಪಂಚೆಗೆ ಒರೆಸಿಕೊಂಡು, ಪ್ಯಾಂಟು ಹಾಕಿಕೊಂಡು ಪೇಟೆಗೆ ಹೊರಟರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಂದು ವಸ್ತುವನ್ನು ಬಿಚ್ಚಿದ ಉಮೇದಿನಲ್ಲಿ ನಡಿಗೆ ಚುರುಕಾಗಿತ್ತು.

ನಲ್ಲಿ ಸಾಮಾನಿನ ಅಂಗಡಿ ಪೇಟೆಯ ಮೂಲೆಯಲ್ಲಿ. ಅಂಗಡಿಯಾತನಿಗೂ ಇವರಿಗೂ ಹಳೆಯ ಪರಿಚಯ, ಅಷ್ಟೇನೂ ಸಿಹಿಯಲ್ಲ. ಮೂರು ವರ್ಷದ ಹಿಂದೆ ಅವನ ಮೊಳೆ ತೂಗುವ ತಕ್ಕಡಿ ಹನ್ನೆರಡು ಗ್ರಾಂ ತಪ್ಪು ತೋರಿಸಿತ್ತು. ತಪ್ಪು ಗಿರಾಕಿಯ ಲಾಭಕ್ಕಿತ್ತು, ನಷ್ಟ ಅಂಗಡಿಯದೇ. "ನಷ್ಟ ನಂದೇ ಅಲ್ವಾ ಸಾಹೇಬ್ರೇ, ಬಿಟ್ಬಿಡಿ," ಎಂದು ಆತ ಕೈ ಮುಗಿದಿದ್ದ. "ಯಾರ ನಷ್ಟ ಆದ್ರೇನು, ತಪ್ಪು ತಪ್ಪೇ," ಎಂದು ಇವರು ಚೀಟಿ ಅಂಟಿಸಿದ್ದರು. ತಕ್ಕಡಿ ರಿಪೇರಿಯಾಗಿ ಬರುವವರೆಗೆ ಹನ್ನೊಂದು ದಿನ ಆತ ಮೊಳೆಗಳನ್ನು ಒಂದೊಂದಾಗಿ ಎಣಿಸಿ ಮಾರಿದ್ದ.

ಇವರನ್ನು ಕಂಡದ್ದೇ ಅಂಗಡಿಯಾತ ಎದ್ದು ತಕ್ಕಡಿಯ ಮೇಲಿನ ಧೂಳು ಒರೆಸತೊಡಗಿದ.

"ತಪಾಸಣೆ ಅಲ್ಲ," ಎಂದರು ಇವರು. "ಸಾಮಾನು ಬೇಕಿತ್ತು. ಅಡುಗೆಮನೆ ನಲ್ಲಿಗೆ ಕಾರ್ಟ್ರಿಜ್."

"ಎಷ್ಟರ ಸೈಜು?"

ಅವರು ಬಾಯಿ ತೆರೆದರು. ಕಾರ್ಟ್ರಿಜ್ ಸಿಂಕಿನ ಕಟ್ಟೆಯ ಮೇಲಿತ್ತು. ಹನಿಯನ್ನು ಅಳೆದಿದ್ದರು, ಗಂಟೆಯನ್ನು ಅಳೆದಿದ್ದರು, ಅಳೆಯಬೇಕಾದ್ದನ್ನು ಅಳೆದಿರಲಿಲ್ಲ. ಬೇರೆ ದಾರಿ ಕಾಣದೆ ಹೆಬ್ಬೆರಳು ತೋರುಬೆರಳುಗಳನ್ನು ಅಗಲಿಸಿ, "ಅಂದಾಜು ಇಷ್ಟು," ಎಂದರು.

ಅಂಗಡಿಯಾತ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ಎರಡೂ ಕೈಯನ್ನು ಕೌಂಟರಿನ ಮೇಲೆ ಊರಿದ. ಬಣ್ಣದ ಡಬ್ಬ ಕೊಳ್ಳಲು ಬಂದಿದ್ದ ಇಬ್ಬರು ಗಿರಾಕಿಗಳೂ ತಿರುಗಿದರು.

"ಸಾಹೇಬ್ರೇ, ಕಿವಿ ಸ್ವಲ್ಪ ಮಂದ. ಇನ್ನೊಂದ್ಸಲ ಹೇಳಿ. ಅಂದಾಜು ಅಂದ್ರಾ?"

ಇವರಿಗೆ ಕಿವಿಯ ತುದಿ ಬಿಸಿಯಾಯಿತು. "ಹೌದು. ಹಳೇದನ್ನ ತರೋದು ಮರೆತೆ. ತಪ್ಪು ನಂದು."

ಅಂಗಡಿಯಾತ ಇನ್ನೇನೋ ಹೇಳಲಿದ್ದವನು ಆ ಕೊನೆಯ ಮಾತು ಕೇಳಿ ತಡೆದುಕೊಂಡ. "ಪರವಾಗಿಲ್ಲ, ತನ್ನಿ. ಊಟಕ್ಕೆ ಮುಚ್ಚೋದಕ್ಕೆ ಇನ್ನೂ ಹೊತ್ತಿದೆ," ಎಂದ.

ಹೋಗಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕಾರ್ಟ್ರಿಜ್ಜನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅಂಗಡಿಯಾತ ಅದನ್ನು ಉಕ್ಕಿನ ಅಳತೆಗೋಲಿನ ದವಡೆಯಲ್ಲಿ ಹಿಡಿದು, "ಮೂವತ್ತೈದು ಮಿಲಿಮೀಟರ್," ಎಂದ. "ಇದರಲ್ಲೂ ಎರಡು ಜಾತಿ. ತಳ ಚಪ್ಪಟೆ ಇರೋದೊಂದು, ಕಾಲಿರೋದೊಂದು. ನಿಮ್ಮದು ಕಾಲಿರೋದು." ಆಮೇಲೆ ಹಳೆಯದನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಿ, ಒಳಗಿದ್ದ ಎರಡು ಬಿಳಿ ಬಿಲ್ಲೆಗಳನ್ನು ಇವರ ಅಂಗೈಗೆ ಹಾಕಿದ. ಪಿಂಗಾಣಿಯಂಥ ನುಣುಪು. ಬೆಳಕಿಗೆ ಹಿಡಿದರೆ ಒಂದರ ಮೇಲೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೀರು.

"ಇಷ್ಟಕ್ಕೇನಾ?"

"ಇಷ್ಟೇ. ಒಂದು ಮರಳು ಕಾಳು ಸಿಕ್ಕಿಬಿದ್ರೆ ಸಾಕು, ತಿರುಗಿಸಿದ ಹಾಗೆಲ್ಲಾ ಗೀರ್ತಾ ಹೋಗುತ್ತೆ. ಯಾರು ಕೂರಿಸ್ತಾರೆ, ನಿಮ್ಮ ಷಡ್ಡಕರಾ?"

"ನಾನೇ."

ಅಂಗಡಿಯಾತ ಹೊಸದನ್ನು ಕೊಡಲು ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದ. "ಹಾಗಾದ್ರೆ ಒಂದು ಮಾತು. ನಟ್ಟು ಬಿಗಿ ಮಾಡಿ, ಆದ್ರೆ ಅದರ ಮೇಲೆ ಸಿಟ್ಟು ತೋರಿಸ್ಬೇಡಿ. ಜಾಸ್ತಿ ಬಿಗಿದ್ರೆ ಇದು ಒಡೆಯುತ್ತೆ, ಕಡಿಮೆ ಆದ್ರೆ ಪಕ್ಕದಿಂದ ಜಿನುಗುತ್ತೆ. ಕೈಗೆ ತಡೆ ಸಿಕ್ಕಿದ ಮೇಲೆ ಇನ್ನೊಂದು ಎಳೆ."

"ಒಂದು ಎಳೆ ಅಂದ್ರೆ ಎಷ್ಟು?"

"ಅದು ಕೈಗೆ ಗೊತ್ತಾಗುತ್ತೆ ಸಾಹೇಬ್ರೇ."

ಇವರು ತಮ್ಮ ಕೈಯನ್ನು ನೋಡಿಕೊಂಡರು. "ನನ್ನ ಕೈಗೆ ಗೊತ್ತಾಗೋದಿಲ್ಲ," ಎಂದರು. ತಮಾಷೆಗೆ ಹೇಳಿದ್ದಲ್ಲ, ದೂರೂ ಅಲ್ಲ. ತಪಾಸಣೆಯ ವರದಿ ಓದುವ ದನಿಯಲ್ಲೇ ಹೇಳಿದರು.

ಅಂಗಡಿಯಾತ ಗಲ್ಲ ಕೆರೆದುಕೊಂಡ. ಮೊಳೆಯ ತಕ್ಕಡಿಯ ಪಕ್ಕದಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಹಲಗೆಗೆ ಬಿಗಿದ ಒಂದು ನಲ್ಲಿ ಇತ್ತು. ಅದನ್ನು ಎಳೆದು ಇವರ ಮುಂದಿಟ್ಟು, ಮುಚ್ಚಳ ಬಿಚ್ಚಿ, ಸ್ಪ್ಯಾನರು ಕೊಟ್ಟ. "ಕೂರಿಸಿ ನೋಡೋಣ."

ಮೊದಲ ಸಲ ಇವರು ಬಿಗಿದದ್ದಕ್ಕೆ ಹಿಡಿಕೆ ಕಲ್ಲಿನಂತೆ ನಿಂತಿತು. "ಜಾಸ್ತಿ," ಎಂದ ಅಂಗಡಿಯಾತ. ಎರಡನೆಯ ಸಲ ಕಾರ್ಟ್ರಿಜ್ ಒಳಗೆ ಕಟಕಟ ಆಡಿತು. "ಕಡಿಮೆ." ಮೂರನೆಯದು ಮತ್ತೆ ಜಾಸ್ತಿ. ಗಿರಾಕಿಗಳು ಬಣ್ಣದ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹೋಗದೆ ನಿಂತಿದ್ದರು. ಪೇಟೆಯ ಅರ್ಧ ಜನರನ್ನು ಇದೇ ರೀತಿ ತಮ್ಮ ಮುಂದೆ ನಿಲ್ಲಿಸಿಕೊಂಡವರು ಈಗ ಬೆವರುತ್ತಿದ್ದರು. ನಾಲ್ಕನೆಯ ಸಲವೂ ಅಂಗಡಿಯಾತ ಬಿಚ್ಚಿ ಮತ್ತೆ ಕೊಟ್ಟ. ಐದನೆಯ ಸಲ ತಡೆ ಸಿಕ್ಕಿತು. ಅದಾದ ಮೇಲೆ ಸ್ಪ್ಯಾನರಿನ ಹಿಡಿಯಲ್ಲಿ ಒಂದು ಮೆತ್ತನೆಯ ಒತ್ತು, ರಬ್ಬರಿನ ಉಂಗುರ ಒಳಗೆಲ್ಲೋ ಕೂತುಕೊಳ್ಳುವ ಒತ್ತು, ಬೆರಳಿಗೆ ತಿಳಿಯಿತು. ಅವರು ತಾವಾಗಿಯೇ ಕೈ ನಿಲ್ಲಿಸಿದರು.

"ಅದೇ," ಎಂದ ಅಂಗಡಿಯಾತ. "ಈಗ ಮನೆಗೆ ಹೋಗಿ. ದಾರೀಲಿ ಮರೀಬೇಡಿ."

ಮನೆಯಲ್ಲಿ ಕೂರಿಸಿ, ವಾಲ್ವುಗಳನ್ನು ನಿಧಾನ ಬಿಟ್ಟು, ಹಿಡಿಕೆ ಒತ್ತಿದರು. ಮೂತಿ ಒಣಗಿತ್ತು. ಆದರೆ ಹಿಡಿಕೆಯ ಬುಡದಲ್ಲಿ, ಗುಮ್ಮಟದ ಅಂಚಿನಿಂದ, ಸಣ್ಣಗೆ ನೀರು ಜಿನುಗಿತು. ಇನ್ನೊಂದು ಎಳೆ ಬಿಗಿಯಲೇ ಎಂದು ಸ್ಪ್ಯಾನರಿಗೆ ಕೈ ಹೋಯಿತು. ಸಿಟ್ಟು ತೋರಿಸ್ಬೇಡಿ ಎಂದದ್ದು ನೆನಪಾಗಿ ಕೈ ಹಿಂದೆ ಬಂತು. ವಾಲ್ವು ಮುಚ್ಚಿ, ಮತ್ತೆ ಎಲ್ಲವನ್ನೂ ಬಿಚ್ಚಿ, ಕನ್ನಡಕ ಹಣೆಗೇರಿಸಿ ನೋಡಿದರೆ, ಕಾರ್ಟ್ರಿಜ್ ಕೂರುವ ಜಾಗದಲ್ಲಿ ಅಕ್ಕಿ ನುಚ್ಚಿನಷ್ಟು ಉಪ್ಪಿನ ಚಕ್ಕೆ ಅಂಟಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ವಿನಿಗರ್‌ನಲ್ಲಿ ಅದ್ದಿ ಉಜ್ಜಿ, ಬಟ್ಟೆಯಿಂದ ಒರೆಸಿ, ಕಾಲುಗಳನ್ನು ಕುಳಿಗೆ ಸರಿಯಾಗಿ ಹೊಂದಿಸಿ ಕೂರಿಸಿದರು. ವಾಲ್ವು ಬಿಟ್ಟರು. ಈ ಸಲ ಎಲ್ಲೂ ನೀರಿಲ್ಲ. ಬುಡಕ್ಕೆ ಒಣ ಕಾಗದ ಹಿಡಿದರು, ಕಾಗದ ಒಣಗಿಯೇ ಇತ್ತು. ಸ್ಟೂಲು ಎಳೆದುಕೊಂಡು ನಲ್ಲಿಯ ಮುಂದೆ ಕೂತರು. ಗಡಿಯಾರ ನೋಡುವುದು ಮರೆತುಹೋಯಿತು.

ಸಂಜೆ ಬಂದ ಹೆಂಡತಿ ಕ್ಲಿನಿಕ್ಕಿನ ಅಭ್ಯಾಸದಂತೆ ಮೊಣಕೈಯಿಂದ ಹಿಡಿಕೆ ಎತ್ತಿ ಕೈ ತೊಳೆದು, ಮೊಣಕೈಯಿಂದಲೇ ಇಳಿಸಿದರು. ಕೈ ಒರೆಸಿಕೊಳ್ಳುತ್ತಿದ್ದವರು ನಿಂತು ಆಲಿಸಿದರು.

"ಯಾರು ಬಂದಿದ್ರು?"

"ಯಾರೂ ಇಲ್ಲ."

"ನಮ್ಮ ತಂಗಿ ಗಂಡ ಬಂದಿದ್ನಾ?"

"ನಾನೇ ಮಾಡ್ದೆ."

ಹೆಂಡತಿ ಬಗ್ಗಿ ಸಿಂಕಿನ ಕೆಳಗೆ ನೋಡಿದರು. ಹಿಡಿಕೆಯನ್ನು ಎಡಕ್ಕೆ ತಿರುಗಿಸಿ ಬಿಸಿ ನೋಡಿದರು, ಬಲಕ್ಕೆ ತಿರುಗಿಸಿ ತಣ್ಣಗೆ ನೋಡಿದರು. ಮುಚ್ಚಿ, ಮೂತಿಯ ಕೆಳಗೆ ಅಂಗೈ ಹಿಡಿದು ಕಾದರು. "ಹಿಡಿಕೆ ಸ್ವಲ್ಪ ಬಿಗಿಯಾಯ್ತು," ಎಂದರು.

ಅವರ ಮುಖ ಇಳಿದುಹೋಯಿತು. ಐದು ಸಲ ಕಲಿತದ್ದು, ಎರಡು ಸಲ ಬಿಚ್ಚಿದ್ದು, ಸೋಪಿನ ಡ್ರೈವರು, ಅಂಗಡಿಯ ಮುಂದಿನ ಜನ, ಎಲ್ಲ ಒಂದೇ ಸಲ ಕಣ್ಮುಂದೆ ಬಂದವು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದರು.

"ಬಿಗಿ ಏನಿಲ್ಲ ರೀ," ಎಂದರು ಆಮೇಲೆ. "ಚೆನ್ನಾಗಿದೆ, ಬೆಣ್ಣೆ ಹಾಗಿದೆ. ಹಾಗೆ ಅನ್ನಿಸ್ಕೊಂಡ್ರೆ ಹೇಗಿರುತ್ತೆ ಅಂತ ಒಂದ್ಸಲ ನಿಮಗೂ ಗೊತ್ತಾಗ್ಲಿ ಅಂತ ಹೇಳ್ದೆ."

ಅವರು ಷಡ್ಡಕನ ಸ್ಪ್ಯಾನರನ್ನು ಒರೆಸಿ ಕಟ್ಟೆಯ ಮೇಲಿಟ್ಟರು. ಆಮೇಲೆ ಫೋನು ತೆಗೆದುಕೊಂಡು ವರಾಂಡಕ್ಕೆ ಹೋದರು. ಕಿಟಕಿಯ ಈಚೆ ನಿಂತ ಹೆಂಡತಿಗೆ ಒಂದೇ ಕಡೆಯ ಮಾತು ಕೇಳಿಸಿತು.

"ನಾನಪ್ಪಾ... ಹೂಂ, ಚೆನ್ನಾಗಿದೀವಿ... ಆ ಬಚ್ಚಲುಮನೆ ಜಾಯಿಂಟ್ ಇದೆಯಲ್ಲ, ಇವತ್ತಿಗೂ ಒಂದು ಹನಿ ಸೋರಿಲ್ಲ. ಅದನ್ನ ಹೇಳೋಣ ಅಂತ." ಆಮೇಲೆ ಅವರು ನಕ್ಕರು, ಅಪರೂಪಕ್ಕೆ ಬರುವ, ಮೂಗಿನಿಂದ ಹೊರಡುವ ನಗು. ಒಳಗೆ ಬಂದಾಗ ಹೆಂಡತಿ ಕೇಳಿದ್ದಕ್ಕೆ, "ಟೇಪು ಉಲ್ಟಾನೇ ಸುತ್ತಿದ್ದೆ ಅಣ್ಣ ಅಂದ," ಎಂದರು. "ಸಾಮಾನು ತಗೊಂಡು ಹೋಗೋಕೆ ಬರ್ತಾನಂತೆ. ಇಬ್ರೂ ಊಟಕ್ಕೆ ಇರ್ತಾರೆ."

ಅವರು ಮೆತ್ತಗಾದರು ಎಂದು ಪೇಟೆಯವರು ಅಂದುಕೊಂಡಿದ್ದರೆ ಅದು ಸುಳ್ಳಾಯಿತು. ಆ ವರ್ಷದ ತಪಾಸಣೆಯಲ್ಲೂ ಚೀಟಿಗಳು ಮೊದಲಿನಷ್ಟೇ ಅಂಟಿದವು. ಚೀಟಿ ಅಂಟಿಸಿದ ಮೇಲೆ ಎರಡು ನಿಮಿಷ ನಿಂತು, ತಕ್ಕಡಿ ಎಲ್ಲಿ ಸವೆದಿರಬಹುದು, ರಿಪೇರಿಯವನಿಗೆ ಏನು ಹೇಳಬೇಕು ಎಂದು ತಿಳಿಸುವುದಷ್ಟೇ ಹೊಸದು. ಮನೆಯಲ್ಲಿ ಮಾತ್ರ ಅವರ ಕೈ ಒಂದು ಕಡೆ ನಿಲ್ಲದಾಯಿತು. ಕಿಟಕಿಯ ಚಿಲಕ ಸರಿಯಾಯಿತು, ಕಪಾಟಿನ ಬಾಗಿಲು ಸರಿಯಾಯಿತು. ಇಸ್ತ್ರಿಪೆಟ್ಟಿಗೆ ಸರಿಯಾಗಲಿಲ್ಲ, ಬಿಚ್ಚಿದ್ದು ರಟ್ಟಿನ ಡಬ್ಬದಲ್ಲಿ ಹಾಗೇ ಉಳಿದು, ಹೊಸದು ಬಂತು. ಆ ವಿಷಯ ಎತ್ತಬಾರದೆಂದು ಗಂಡಹೆಂಡಿರ ನಡುವೆ ಒಪ್ಪಂದ.

ಅದಾಗಿ ಕೆಲವು ತಿಂಗಳಿಗೆ, ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಬೆಂಚು ಅಲ್ಲಾಡುತ್ತದೆ, ಯಾರಾದರೂ ಬಿದ್ದಾರು ಎಂದು ಹೆಂಡತಿ ಊಟದ ಹೊತ್ತಿನಲ್ಲಿ ಹೇಳಿದರು. ಮರುದಿನ ಅವರು ಅರ್ಧ ದಿನ ರಜೆ ಹಾಕಿ, ಸ್ವಂತಕ್ಕೆ ಕೊಂಡ ಸ್ಪ್ಯಾನರು ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದರು. ಕಣ್ಣಿಗೆ ಹನಿ ಹಾಕಿಸಿಕೊಂಡವರು ಗೋಡೆಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದರು. ಅವರ ಕಾಲುಗಳ ನಡುವೆ ನೆಲದ ಮೇಲೆ ಮಲಗಿ ಇವರು ಬೆಂಚಿನಡಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದರು. ಬೆಂಚಿನ ತುದಿಯಲ್ಲಿದ್ದ ಅಜ್ಜಿಯೊಬ್ಬರು ಸದ್ದು ಬಂದ ಕಡೆ ಮುಖ ತಿರುಗಿಸಿ, "ಯಾರಮ್ಮಾ ಅದು ಕೆಳಗೆ?" ಎಂದು ಕೇಳಿದರು.

"ರಿಪೇರಿಯವರು ಅಜ್ಜಿ. ಕಣ್ಣು ತೆರೀಬೇಡಿ," ಎಂದರು ನರ್ಸು, ಮುಂದಿನವರ ರೆಪ್ಪೆ ಎತ್ತುತ್ತಾ.

"ಕಾಲು ಎತ್ತಲೇನಪ್ಪಾ?"

"ಸ್ವಲ್ಪ ಎತ್ತಿ ಅಜ್ಜಿ," ಎಂದರು ಅವರು, ಬೆಂಚಿನ ಅಡಿಯಿಂದ.